ಕಡೆಯವನ ಪಾಳಿ

ನಾನು ನಿಂತಿದ್ದು ಮಲಪ್ರಭಾ ನದಿಯ ದಂಡೆಯ ಮೇಲೆ. ಖಾನಾಪುರ ಪಟ್ಟಣ ದಾಟಿದ ಮೇಲೆ ನದಿ ಮೊದಲು ಬಾಗುವ ಕಡೆ, ಪಟ್ಟಣದ ಬದಿಗೆ, ಒಂದು ಮತ್ತಿಮರದ ಬುಡದಲ್ಲಿ. ಆಷಾಢ ಮುಗಿಯುತ್ತ ಬಂದಿತ್ತು. ಬೆಳಗಿನ ಒಂಬತ್ತರ ಸುಮಾರು. ಮಳೆ ನಿಂತಿತ್ತು, ಮರ ಇನ್ನೂ ಸುರಿಸುತ್ತಿತ್ತು. ನನ್ನ ಎಡಕ್ಕೆ, ಹೊಳೆಯ ಮೇಲೆ ಹಾದ ಹಗ್ಗವನ್ನು ಬಿಗಿದು ಕಟ್ಟಿದ ಇನ್ನೊಂದು ಮರ. ಎದುರಿಗೆ ಎಂಟು ಜನ ಕೆಡೆಟ್‌ಗಳು ಒಂದೇ ಸಾಲಿನಲ್ಲಿ, ಅವರ ಮುಂದೆ ತರಬೇತಿ ಕೊಡುತ್ತಿದ್ದ ಮೇಜರ್. ನನ್ನ ಹಿಂದೆ, ಹಾಲಿನ ಕ್ಯಾನು ತಲೆಯಿಂದ ಇಳಿಸಿ ನಿಂತಿದ್ದ, ಶಿಬಿರಕ್ಕೆ ಹಾಲು ಹಾಕುವ ತುಳಸವ್ವ. ನನಗೂ ಆ ಸಾಲಿಗೂ ನಡುವೆ ಅಡ್ಡ ಏನೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆ ಬೆಳಗಿನ ಬಗ್ಗೆ ಬೆಳಗಾವಿಯಲ್ಲಿ ಬೇರೆ ಬೇರೆ ಕತೆಗಳನ್ನು ಕೇಳಿದ್ದೇನೆ. ಸಾಲಿನಲ್ಲಿದ್ದ ಒಬ್ಬ ಹುಡುಗ ಹಗ್ಗ ನೋಡಿ ಹೆದರಿದನಂತೆ. ನೀರಿಗೆ ಬಿದ್ದನಂತೆ. ಮೊಣಕಾಲು ಕೈಕೊಟ್ಟಿತಂತೆ. ತಂಡದಲ್ಲಿ ಅವನೇ ಕಡೆಯವನಂತೆ. ಹೇಳಿದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಅದು ನಮ್ಮ ಜಿಲ್ಲೆಗೆ ಮಹಾಪೂರ ಬಂದ ವರ್ಷದ ಹಿಂದಿನ ಮಳೆಗಾಲ. ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಖಾನಾಪುರಕ್ಕೆ ಹೋಗಿದ್ದೆ. ಮರಳುವಾಗ ಮಳೆ ಹಿಡಿಯಿತು. ರಸ್ತೆ ಬದಿಯ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಸೂರಿನಡಿ ನಿಂತೆ. ಸುಟ್ಟ ಮಣ್ಣು ನೆನೆದರೆ ಒಂದು ವಾಸನೆ ಬರುತ್ತದೆ. ಹೊಲದ ಮಣ್ಣಿನ ವಾಸನೆಗಿಂತ ಅದು ಒಣಗಿದ್ದು, ಎಲ್ಲೋ ಸ್ವಲ್ಪ ಹೊಗೆ ಸೇರಿದ್ದು. ಆ ಮಳೆಗಾಲವಿಡೀ ನನ್ನ ಅಂಗಿ, ಹಾಸಿಗೆ, ಪುಸ್ತಕಗಳಿಗೆಲ್ಲ ಇದೇ ವಾಸನೆ ಇತ್ತು. ನಮ್ಮ ಶಿಬಿರ ಇದ್ದದ್ದು ಅಂಥದೇ ಒಂದು ಹಳೆಯ ಹೆಂಚಿನ ಕಾರ್ಖಾನೆಯಲ್ಲಿ.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಸೈನ್ಯದ ಅಧಿಕಾರಿಗಳಾಗಲು ತರಬೇತಿ ಪಡೆಯುತ್ತಿದ್ದ ಹುಡುಗರ ಒಂದು ತುಕಡಿ ಆ ವರ್ಷ ಮಳೆಗಾಲದ ಕಸರತ್ತಿಗೆಂದು ನಮ್ಮ ಕಡೆ ಬಂದಿತ್ತು. ಅವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಸ್ಥಳದಲ್ಲಿದ್ದು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅಧ್ಯಯನದ ಪ್ರಶ್ನೆ ಸರಳವಾಗಿತ್ತು. ಬುದ್ಧಿ, ಗಣಿತ, ಓಟ, ಇವುಗಳನ್ನು ಅಳೆಯುವುದು ಗೊತ್ತಿದೆ. ಆದರೆ ಹಿಡಿದದ್ದನ್ನು ಬಿಡದ ಛಲ, ಸಿಟ್ಟು ತಡೆಯುವ ಶಕ್ತಿ, ಜೊತೆಯವರ ಮೇಲಿನ ನಂಬಿಕೆ, ಇವುಗಳನ್ನು ಮೊದಲೇ ಅಳೆದರೆ, ಮುಂದೆ ಯಾರು ಒಳ್ಳೆಯ ಅಧಿಕಾರಿಯಾಗುತ್ತಾರೆ ಎಂದು ಹೇಳಬಹುದೇ?

ಇದಕ್ಕೆ ನಮ್ಮಲ್ಲಿ ಎರಡು ದಾರಿಗಳಿದ್ದವು. ಒಂದು, ಹುಡುಗರು ತಮ್ಮ ಬಗ್ಗೆ ತಾವೇ ಉತ್ತರಿಸುವ ಪ್ರಶ್ನೆಗಳು. ಬೇಸರ ಬಂದರೂ ಕೆಲಸ ನಡುವೆ ಬಿಡುವುದಿಲ್ಲ, ಹೌದೋ ಅಲ್ಲವೋ. ಈ ಪ್ರಶ್ನೆಗಳನ್ನು ನೋಡಿ ಮೇಜರ್ ನಕ್ಕಿದ್ದರು. ಅವರು ಗೋಕಾಕ ಕಡೆಯವರು. ತುಕಡಿಯೊಡನೆ ಹಿಂದಿ, ನಮ್ಮ ಕಡೆಯವರು ಸಿಕ್ಕರೆ ಕನ್ನಡ.

"ಮಾಸ್ತರ್ರ, ನಾ ಹೇಡಿ ಅದೀನಿ ಅಂತ ಯಾವ ಹುಡುಗ ಬರಕೊಡ್ತಾನ್ರೀ? ಇಲ್ಲಿ ಬಂದಾವೆಲ್ಲಾ ಕಾಗದದ ಮ್ಯಾಲೆ ಹುಲಿಗೋಳಽ."

ಎರಡನೆಯ ದಾರಿ ಅದಕ್ಕಾಗಿಯೇ ಇತ್ತು. ಒಟ್ಟಿಗೆ ಉಂಡು, ಮಲಗಿ, ಕೆಸರಿನಲ್ಲಿ ತೆವಳುವವರಿಗೆ ಒಬ್ಬರನ್ನೊಬ್ಬರು ಗೊತ್ತಿರುತ್ತದೆ. ಪ್ರತಿ ಶನಿವಾರ ತುಕಡಿಯ ಪ್ರತಿಯೊಂದು ತಂಡದ ಎಂಟೂ ಜನ, ತಮ್ಮನ್ನೂ ಸೇರಿಸಿಕೊಂಡು, ಎಂಟು ಹೆಸರುಗಳನ್ನು ಕ್ರಮವಾಗಿ ಇಡಬೇಕು: ಕಷ್ಟ ಬಂದಾಗ ಪಕ್ಕದಲ್ಲಿ ಮೊದಲು ಯಾರು ಬೇಕು, ಕಡೆಗೆ ಯಾರು. ಇದು ಅಧ್ಯಯನಕ್ಕೆ ಮಾತ್ರ, ಹುಡುಗರ ಭವಿಷ್ಯ ನಿರ್ಧರಿಸಲು ಬಳಸಬಾರದು ಎಂಬ ಕರಾರು ಇತ್ತು. ನಾನು ಅದನ್ನು ಮೇಜರ್‌ಗೆ ಮೊದಲ ದಿನವೇ ಹೇಳಿದೆ. "ಆತ್ರಿ. ನಿಮ್ಮ ಕಾಗದ ನಾ ಮುಟ್ಟಂಗಿಲ್ಲ" ಎಂದರು. ಮುಟ್ಟಲೂ ಇಲ್ಲ.

ಆ ಮಳೆಗಾಲದ ಕೆಲಸ ಒಂದೇ ತರಹದ್ದು. ಬೆಳಗಾಗುವ ಮೊದಲು ಎದ್ದು ಕಾಡಿನಂಚಿನವರೆಗೆ ಭಾರ ಹೊತ್ತು ನಡೆಯುವುದು. ಕಾಲಿಗೆ ಹತ್ತಿದ ಜಿಗಣೆಗಳನ್ನು ಉಪ್ಪು ಹಾಕಿ ಬಿಡಿಸುವುದು. ಮಧ್ಯಾಹ್ನ ನಕಾಶೆ ಓದುವುದು. ಸಂಜೆ ಬೂಟಿನೊಳಗೆ ಹಳೆಯ ಪತ್ರಿಕೆಗಳನ್ನು ತುರುಕಿ ಹೆಂಚಿನ ಭಟ್ಟಿಯ ಗೂಡುಗಳಲ್ಲಿ ಒಣಗಲು ಇಡುವುದು. ಅವು ಒಣಗಿದ್ದನ್ನು ನಾನು ನೋಡಲಿಲ್ಲ. ಮಳೆ ಹೆಂಚಿನ ಮೇಲೆ ಬೀಳುವ ಸದ್ದಿಗೆ ಎಷ್ಟು ಒಗ್ಗಿದ್ದೆವೆಂದರೆ, ಅದು ನಿಂತ ಕೂಡಲೆ ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಿದ್ದರು.

ನಾನು ಹೆಚ್ಚು ಹೊತ್ತು ಕಳೆದ ತಂಡದಲ್ಲಿ ಇಬ್ಬರು ನಮ್ಮ ಕಡೆಯವರು. ಮಹಾಂತೇಶ ನಂದಗಡದ ಒಕ್ಕಲು ಮನೆಯವನು, ತಂಡದಲ್ಲೇ ಎತ್ತರದವನು. ಭರತೇಶ ಬೆಳಗಾವಿ ಶಹಾಪುರದ ಜೈನರ ಹುಡುಗ. ಅಜ್ಜನ ಕಾಲದಿಂದ ಪಾತ್ರೆ ಅಂಗಡಿ. ಉಳಿದ ಆರು ಜನ ಪಂಜಾಬ, ಕೇರಳ, ಮಣಿಪುರ, ಹೀಗೆ ದೂರ ದೂರದವರು. ಭರತೇಶ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಕಸರತ್ತಿನ ದಿನಗಳಲ್ಲಿ ಊಟದ ಸಾಲು ಹೊತ್ತು ಮುಳುಗಿದ ಮೇಲೆಯೇ ಶುರುವಾಗುವುದು. ಅದಕ್ಕೆ ತಂಡದವರು ಒಂದು ಉಪಾಯ ಮಾಡಿದ್ದರು. ಯಾರು ಮೊದಲು ಶಿಬಿರ ಮುಟ್ಟುತ್ತಾರೋ ಅವರು ಬೂಟು ಬಿಚ್ಚದೆ ಅಡುಗೆಯವನ ಹತ್ತಿರ ಹೋಗಿ ಒಂದು ತಟ್ಟೆ ಹಿಡಿದು ನಿಲ್ಲುವುದು. ಪಂಜಾಬಿನ ಹುಡುಗ ತಟ್ಟೆ ಹಿಡಿದು ಮುಗಿಲು ನೋಡುತ್ತ ಕೂಗುತ್ತಿದ್ದ, ಅವನಿಗೆ ಮಹಾಂತೇಶ ಕಲಿಸಿದ ಕನ್ನಡ ಅದೊಂದೇ: "ಲಗೂನ ಬಾರಲೇ ಸ್ವಾಮೀ, ಸೂರ್ಯಾ ಹೊಂಟಾ!"

ಭರತೇಶನದು ಒಂದು ತೊಡಕಿತ್ತು. ಹಿಂದಿನ ತುಕಡಿಯಲ್ಲಿ ಮೊಣಕಾಲು ಪೆಟ್ಟಾಗಿ ಅವನನ್ನು ಒಮ್ಮೆ ಹಿಂದಕ್ಕೆ, ಈ ತುಕಡಿಗೆ, ಹಾಕಿದ್ದರು. ಮತ್ತೊಮ್ಮೆ ಹಿಂದೆ ಬಿದ್ದರೆ ತರಬೇತಿ ಅಲ್ಲಿಗೆ ಮುಗಿಯಿತು, ಮನೆ ದಾರಿ. ಇದು ಎಲ್ಲರಿಗೂ ಗೊತ್ತಿದ್ದ ನಿಯಮ. ಅಪ್ಪ ಮೊದಲೇ ಒಪ್ಪಿರಲಿಲ್ಲ. ನಮ್ಮ ಮನೆತನದಲ್ಲಿ ಇರುವೆಯನ್ನು ಕೂಡ ತುಳಿಯದೆ ದಾಟಿ ನಡೆಯುತ್ತೇವೆ, ಬಂದೂಕು ಯಾಕೆ ಎಂಬ ಮಾತು ಅಂಗಡಿಯಲ್ಲಿ ಬಹಳ ನಡೆದಿತ್ತಂತೆ.

ಏಳೆಂಟು ವಾರಗಳಾದ ಮೇಲೆ ಈ ತಂಡದ ಅಂಕಗಳು ನನಗೆ ವಿಚಿತ್ರವಾಗಿ ಕಂಡವು. ಬೇರೆ ತಂಡಗಳಲ್ಲಿ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ನಿಧಾನಕ್ಕೆ ನಿಲ್ಲುತ್ತಿದ್ದರು. ಇಲ್ಲಿ ಮೊದಲ ವಾರ ಬಿಟ್ಟರೆ ಪ್ರತಿ ವಾರ ಕಡೆಯ ಹೆಸರು ಬೇರೆ. ಅದರಲ್ಲಿಯೂ ಎಂಟು ಜನ ಒಂದೇ ಹೆಸರು ಬರೆಯುತ್ತಿದ್ದರು. ಆ ಹೆಸರಿನವನು ಕೂಡ ತನ್ನನ್ನು ಕಡೆಗೇ ಇಡುತ್ತಿದ್ದ.

ಒಂದು ಮಧ್ಯಾಹ್ನ ಮಹಾಂತೇಶ, ಭರತೇಶ ಇಬ್ಬರೂ ಭಟ್ಟಿಯ ಹತ್ತಿರ ಬೂಟು ಒರೆಸುತ್ತ ಕುಳಿತಿದ್ದರು. ನಾನು ಹೋಗಿ ಕುಳಿತೆ. ಮಹಾಂತೇಶನೇ ಮಾತು ತೆಗೆದ.

"ಸರ್, ನಮ್ಮ ನಂಬರು ಸಪಾಟ ಬರಾಕತ್ತಾವ, ಹೌದಿಲ್ರಿ?"

"ಯಾಕೆ?" ಎಂದೆ.

"ನಾವು ಪಾಳಿ ಹಚ್ಚೀವ್ರಿ, ವಾರಕ್ಕೊಬ್ಬ ಕಡೀಯವ."

ಭರತೇಶ ತಲೆ ಎತ್ತದೆ ಹೇಳಿದ: "ಇವರ ಮನ್ಯಾಗ ಮೋಟಾರಿನ ಪಾಳಿ ಐತ್ರಿ ಸರ್. ಇಲ್ಲಿ ಬಂದು ಮಾನಾ ಮರ್ಯಾದಿಗೂ ಪಾಳಿ ಹಚ್ಯಾನ."

ಮಹಾಂತೇಶ ಬಿಡಿಸಿ ಹೇಳಿದ. ಅವರ ಅಪ್ಪ, ಚಿಕ್ಕಪ್ಪಂದಿರು ಸೇರಿ ಒಂದೇ ಬೋರಿನ ನೀರು ಹಾಯಿಸುತ್ತಾರೆ, ದಿನಕ್ಕೊಬ್ಬರಂತೆ ಪಾಳಿ. "ನಮ್ಮ ಪಾಳಿ ದಿನ ಕರೆಂಟ್ ಹೋತಂದ್ರ ಹೋತ್ರಿ. ಮರುದಿನ ನನಗ ಬಿಡು ಅಂತ ಯಾರೂ ಕೇಳಂಗಿಲ್ಲ. ಕೇಳಿದ್ರ ಪಾಳಿ ಉಳಿಯಂಗಿಲ್ಲ, ಪಾಳಿ ಹೋದ್ರ ಅಣ್ತಮ್ರು ಉಳಿಯಂಗಿಲ್ಲ." ಮೊದಲ ಶನಿವಾರ ಎಲ್ಲರೂ ಪ್ರಾಮಾಣಿಕವಾಗಿಯೇ ಬರೆದಿದ್ದರಂತೆ. ಸಂಜೆಯೊಳಗೆ ಯಾರು ಯಾರನ್ನು ಕಡೆಗಿಟ್ಟರೆಂದು ಮಾತಿನಲ್ಲಿ ಹೊರಬಿತ್ತು. ಹೆಚ್ಚು ಜನ ಮಣಿಪುರದ ಹುಡುಗನನ್ನು ಕಡೆಗೆ ಹಾಕಿದ್ದರು. ಅವನು ಊಟದ ಹೊತ್ತಿಗೆ ಮಾತಾಡುವುದನ್ನು ಬಿಟ್ಟ.

ಹೀಗೆ ಮಾಡಿದರೆ ಅಧ್ಯಯನಕ್ಕೆ ಉಪಯೋಗವಿಲ್ಲ, ನಿಲ್ಲಿಸಿ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಅಪ್ಪಣೆ ಇಲ್ಲದೆ ಯಾರಿಗೂ ತಿಳಿಸುವುದಿಲ್ಲ ಎಂದೂ ಹೇಳಿದೆ, ಯಾಕೆಂದರೆ ಆ ಮಾತನ್ನು ಮೊದಲ ದಿನವೇ ಎಲ್ಲರಿಗೂ ಕೊಟ್ಟಿದ್ದೆ.

ಮಹಾಂತೇಶ ಬೂಟಿನ ಹಿಮ್ಮಡಿ ತಿಕ್ಕುತ್ತಲೇ ಹೇಳಿದ. "ನಿಮ್ಮ ಕೆಲಸ ಕೆಡತೈತಿ, ಖರೆ. ಆದ್ರ ವಾರಾ ವಾರಾ ಒಬ್ಬನ ಹೆಸರಽ ತಳಕ್ಕ ಬಂದ್ರ ಮನಶ್ಯಾ ಕೆಡ್ತಾನ್ರಿ ಸರ್. ಒಂದ್ ಸುತ್ತು ಮುಗೀಲಿ. ಕಡೀ ಪಾಳಿ ಇವಂದು. ಆಮ್ಯಾಲೆ ಖರೇ ಬರೀತೀವಿ."

"ಲೇ, ನಂದಽ ಯಾಕ ಕಡೀಕ ಇಟ್ಟಿ?" ಎಂದ ಭರತೇಶ.

"ನೀ ಸಾವಕಾರ ಮಗಾ. ಸಾವಕಾರ್ರು ಕಡೀಕ ಕೊಡ್ತಾರು."

ಇಬ್ಬರೂ ನಕ್ಕರು. ಅದು ಬುಧವಾರ. ಭರತೇಶನ ಪಾಳಿ ಇದ್ದದ್ದು ಆ ಶನಿವಾರ.

ಹೊಳೆ ದಾಟುವ ಕಸರತ್ತು ಅದೇ ಶನಿವಾರ ಬೆಳಿಗ್ಗೆ. ಹಿಂದಿನ ಎರಡು ದಿನ ಘಟ್ಟದ ಕಡೆ ಮಳೆ ಹೊಯ್ದಿತ್ತು. ಹೊಳೆ ಕೆಂಪಾಗಿ, ದಂಡೆ ತುಂಬ, ಬಹಳ ಸದ್ದು ಮಾಡಿ ಹರಿಯುತ್ತಿತ್ತು. ಸೊಂಟಕ್ಕೆ ಕೊಂಡಿ ಹಾಕಿಕೊಂಡು ಹಗ್ಗಕ್ಕೆ ಜೋತುಬಿದ್ದು, ಕೈ ಬದಲಿಸುತ್ತ ಆಚೆ ದಂಡೆ ಸೇರಬೇಕು. ಅಂಕ ಇಡೀ ತಂಡಕ್ಕೆ.

ಮೇಜರ್ ಸಾಲಿನ ಮುಂದೆ ಬಂದು ನಿಂತರು. ಹಿಂದಿಯಲ್ಲಿ ಹೇಳಿದರು. ಯುದ್ಧದಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಲು ಯಾವಾಗಲೂ ಆಗುವುದಿಲ್ಲ. ಇವತ್ತು ಈ ಹಗ್ಗಕ್ಕೆ ಏಳೇ ಜನ. ಯಾರನ್ನು ಬಿಟ್ಟು ಹೋಗುತ್ತೀರಿ? ಕಾಗದ ಬೇಡ, ಮಾತು ಬೇಡ. ಕೈ ಎತ್ತಿ ತೋರಿಸಿ.

ಸಾಲಿನ ತುದಿಗೆ ಎತ್ತರದವನು, ಮಹಾಂತೇಶ. ಅವನ ಕೈ ಕೂಡಲೆ ಎದ್ದಿತು. ಯೋಚಿಸಿ ಎತ್ತಿದ್ದಲ್ಲ, ಹೆಸರು ಕೂಗಿದರೆ ಹಾಜರು ಅನ್ನುವ ಹಾಗೆ. ಅದು ಭರತೇಶನ ಕಡೆಗಿತ್ತು. ಆ ಮೇಲೆ ಕೇರಳದವನದು, ಪಂಜಾಬಿನವನದು. ಮಣಿಪುರದ ಹುಡುಗ ಸ್ವಲ್ಪ ತಡೆದ, ಎರಡೂ ಬದಿ ನೋಡಿದ, ಆಮೇಲೆ ಎತ್ತಿದ. ಬೇರೆ ಯಾರನ್ನು ತೋರಿಸಿದರೂ ಪಾಳಿ ಇಲ್ಲದವನ ಮೇಲೆ ಹೊರೆ ಹಾಕಿದಂತೆ ಆಗುತ್ತಿತ್ತು. ಏಳು ಕೈಗಳು ಒಬ್ಬನ ಕಡೆ ತಿರುಗಿದ್ದವು.

ನನ್ನ ಹಿಂದಿನಿಂದ ತುಳಸವ್ವ ಸಣ್ಣ ದನಿಯಲ್ಲಿ ಅಂದಳು: "ಅಯ್ಯಽ, ಮನಶ್ಯಾಗ ಹಿಂಗ ಬಟ್ಟ ಮಾಡಿ ತೋರಸ್ತಾರೇನ್ರೀ ಅಣ್ಣಾರ? ಏನ್ ಮಾಡ್ಯಾನ ಆ ಹುಡುಗ?"

ಮೇಜರ್ ಭರತೇಶನ ಮುಂದೆ ಬಂದರು. ಕನ್ನಡದಲ್ಲಿ ಕೇಳಿದರು. "ನೀ ಯಾರನ್ನ ತೋರಸ್ತಿ?"

ಅವನು ತನ್ನ ಎದೆ ಮುಟ್ಟಿ ತೋರಿಸಿದ. ಅದೂ ಪಾಳಿಯ ಕರಾರು.

ಮೇಜರ್ ಮುಖದಲ್ಲಿ ಸಿಟ್ಟು ಇರಲಿಲ್ಲ. ಅವನ ಸೊಂಟದ ಕೊಂಡಿ ತಾವೇ ಬಿಚ್ಚಿ ತೆಗೆದುಕೊಂಡರು. "ಆತು. ಬಾಜು ನಿಂದ್ರು."

ಉಳಿದವರು ಹಗ್ಗ ಹಿಡಿದರು. ಆರು ಜನ ಒಬ್ಬೊಬ್ಬರಾಗಿ ದಾಟಿದರು. ಕಡೆಗೆ ಮಹಾಂತೇಶ. ಅವನು ಹೊಳೆಯ ನಡು ಮುಟ್ಟಿದ. ಅಲ್ಲಿ ನಿಂತ. ಹಗ್ಗ ಅವನ ಭಾರಕ್ಕೆ ಜೋತು, ಬೆನ್ನು ನೀರಿಗೆ ಹತ್ತಿರವಿತ್ತು. ಆಚೆ ದಂಡೆಯವರು ಕೂಗಿದ್ದು ಬಾಯಿ ತೆರೆದದ್ದರಿಂದ ತಿಳಿಯಿತು, ಸದ್ದಿನಲ್ಲಿ ಕೇಳಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಇದ್ದು, ಕೈ ಬದಲಿಸಿ, ಬಂದ ದಾರಿಗೆ ತಿರುಗಿದ. ಈಚೆ ದಂಡೆಗೆ ಮರಳಿ ಬಂದು, ಕೊಂಡಿ ಕಳಚಿ, ಮೇಜರ್ ಮುಂದೆ ನಿಂತ. ಅಂಗೈ ಸುಲಿದಿತ್ತು.

"ಸಾಹೇಬ್ರ, ಅವ ಕಡೀಯವ ಅಲ್ರಿ. ಇವತ್ತ ಅವನ ಪಾಳಿ ಇತ್ತು. ಎಲ್ಲಾರೂ ಕೂಡಿ ಪಾಳಿ ಹಚ್ಚಿದ್ವಿ. ಹಚ್ಚಿದವ ನಾನು."

ಮೇಜರ್‌ಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. "ಎಲ್ಲಾರೂ ಅಂದ್ರ? ಎಂಟೂ ಮಂದಿ?"

"ಹೌದ್ರಿ."

ಆಗ ಭರತೇಶ ಮುಂದೆ ಬಂದ. ಅವನು ಏನು ತಿಳಿದಿದ್ದನೆಂದು ನನಗೆ ಆಮೇಲೆ ಗೊತ್ತಾಯಿತು. ಪಾಳಿ ಹೊರಬಿದ್ದರೆ ಎಂಟೂ ಜನರನ್ನು ಮನೆಗೆ ಕಳಿಸುತ್ತಾರೆ ಎಂದು ತಿಳಿದಿದ್ದ.

"ಸುಳ್ಳ್ರೀ ಸಾಹೇಬ್ರ. ಪಾಳಿ ಗೀಳಿ ಏನೂ ಇಲ್ಲ. ನನ್ನ ಉಳಸಾಕ ಹೇಳಾಕತ್ತಾನ. ನಾ ಕಡೀಯವಽ ಅದೀನಿ."

"ಲೇ ಭರತ್ಯಾ, ಗಪ್ ನಿಂದ್ರು!"

"ನೀ ಗಪ್ ನಿಂದ್ರು."

ಮೇಜರ್ ಇಬ್ಬರನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ತರ್ರ, ನಿಮಗ ಏನರ ಗೊತ್ತೈತೇನು?"

ನನ್ನ ಉತ್ತರ ಹೀಗಿತ್ತು: "ಗೊತ್ತಿದೆ. ಆದರೆ ಹೇಳಬೇಕಾದರೆ ಹುಡುಗರ ಅಪ್ಪಣೆ ಬೇಕು."

"ಹೇಳ್ರಿ ಸರ್" ಎಂದ ಮಹಾಂತೇಶ. "ಬ್ಯಾಡ್ರಿ ಸರ್" ಎಂದ ಭರತೇಶ. ಎರಡೂ ಒಟ್ಟಿಗೇ ಬಂದವು.

"ಸಾಕು" ಎಂದರು ಮೇಜರ್. "ಗೊತ್ತೈತಿ ಅಂದ್ರಲ್ಲ, ಅಷ್ಟ ಸಾಕು."

ಅಷ್ಟರಲ್ಲಿ ತುಳಸವ್ವ ಮುಂದೆ ಬಂದಳು. ಅವಳಿಗೆ ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿದಿತ್ತೋ ಇಲ್ಲವೋ. "ಸಾಹೇಬ್ರ, ಹಾಲು ಕೆಡ್ತಾವ. ಹುಡುಗ್ರಿಗೆ ಒಂದೀಟು ಚಾ ಕಾಸಿಕೊಟ್ಟು ಆಮ್ಯಾಲೆ ಬೈರಿ. ಎಲ್ಲಾ ತೊಯ್ದು ತೊಪ್ಪಡಿ ಆಗ್ಯಾರ." ಮೇಜರ್ ಅವಳ ಕಡೆ ಕೈ ತೋರಿಸಿ ತಡೆದರು.

ಭರತೇಶನ ಹತ್ತಿರ ಹೋದರು. ದನಿ ಏರಿಸಲಿಲ್ಲ. "ಕಡೀಕ ಒಮ್ಮೆ ಕೇಳ್ತೀನಿ. ನನ್ನ ಮಾರಿ ನೋಡಿ ಹೇಳು. ಪಾಳಿ ಇತ್ತೋ, ಇಲ್ಲೋ?"

ಭರತೇಶ ಅವರ ಮುಖ ನೋಡಿದ. "ಇಲ್ರಿ."

ಆಮೇಲೆ ಮೇಜರ್ ಹೇಳಿದ್ದನ್ನು ನೆನಪಿದ್ದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ಪಾಳಿ ಹಚ್ಚಿದ್ದಕ್ಕ ನಿಮ್ಮನ್ನ ಒಂದ್ ವಾರ ಭಾರ ಹೊರಸಿ ಓಡಸ್ತಿದ್ದೆ. ಅದರಾಗ ಮತ್ತೇನೂ ಇಲ್ಲ. ನಾವೂ ಹುಡುಗ್ರಿದ್ದಾಗ ಇಂಥಾವು ಮಾಡೀವಿ. ಆದ್ರ ನೀ ಎರಡ ಸಲ ನನಗ ಸುಳ್ಳ ಹೇಳ್ದಿ. ನಾಳೆ ನೀ ಮುಂದಿನ ಠಾಣೇದಾಗ ಇರ್ತಿ. ನಿನ್ನವ್ರನ್ನ ಉಳಸಾಕ ಅಲ್ಲಿ ಏನೂ ಇಲ್ಲ ಅಂತಿ. ನಾ ಅದನ್ನ ನಂಬಿ ಬ್ಯಾರೆ ಮಂದೀನ ಕಳಸ್ತೀನಿ. ಅವರೂ ಯಾರದರ ಮಕ್ಕಳಽ."

ಮಹಾಂತೇಶ ಅಂಗೈ ಮುಷ್ಟಿ ಮಾಡಿ ನಿಂತಿದ್ದ. ಆಚೆ ದಂಡೆಯಲ್ಲಿ ಆರು ಜನ ಈ ಕಡೆ ನೋಡುತ್ತ ಕಾಯುತ್ತಿದ್ದರು. ಅವರಿಗೆ ಒಂದು ಮಾತೂ ಕೇಳಿರಲಿಲ್ಲ.

ಮುಂದಿನದು ಬೇಗ ನಡೆಯಿತು. ವಿಚಾರಣೆಯಲ್ಲಿ ಉಳಿದವರೆಲ್ಲ ಪಾಳಿಯನ್ನು ಒಪ್ಪಿಕೊಂಡರು. ಏಳು ಜನರಿಗೆ ಭಾರ ಹೊತ್ತು ಓಡುವ ಶಿಕ್ಷೆ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ತೀರಿತು. ಭರತೇಶನನ್ನು ಸುಳ್ಳು ಹೇಳಿದ್ದಕ್ಕಾಗಿ ಹಿಂದಕ್ಕೆ ಹಾಕಿದರು. ಎರಡನೆಯ ಸಲ ಆದ್ದರಿಂದ ಮನೆಗೆ ಹೋದ. ಮೇಜರ್ ಮಾಡಿದ್ದು ತಪ್ಪು ಎಂದು ಆಗಲೂ ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಆ ಇಡೀ ದಂಡೆಯ ಮೇಲೆ ತನ್ನ ಬಗ್ಗೆ ಯೋಚಿಸದೆ ಮಾತಾಡಿದವರು ಇಬ್ಬರು. ಒಬ್ಬ ನಿಜ ಹೇಳಿದ, ಒಬ್ಬ ಸುಳ್ಳು. ಛಲ, ನಂಬಿಕೆ, ಪ್ರಾಮಾಣಿಕತೆ ಎಂದು ನಾವು ಬೇರೆ ಬೇರೆ ಅಳತೆ ಇಟ್ಟುಕೊಂಡಿದ್ದೆವು. ಒಂದು ಏರಿದರೆ ಇನ್ನೊಂದು ಮುರಿಯುವ ಗಳಿಗೆಗೆ ನಮ್ಮಲ್ಲಿ ಪ್ರಶ್ನೆ ಇರಲಿಲ್ಲ.

ಅಧ್ಯಯನ ಮುಗಿಯಿತು. ಪಾಳಿಯ ತಂಡದ ಅಂಕಗಳು ನಂಬುವಂಥವಲ್ಲವಾದ್ದರಿಂದ ಅವನ್ನು ಲೆಕ್ಕದಿಂದ ಕೈಬಿಟ್ಟೆವು. ಬೇರೆ ದಾರಿ ಇರಲಿಲ್ಲ.

ಹೋದ ತಿಂಗಳು ಆ ಹೆಂಚಿನ ಸೂರಿನಡಿ ನಿಂತು ಬಂದ ಮೇಲೆ, ಮುಂದಿನ ಭಾನುವಾರ ಶಹಾಪುರಕ್ಕೆ ಹೋದೆ. ಅಂಗಡಿಯಲ್ಲಿ ಭರತೇಶನೇ ಇದ್ದ. ಸ್ವಲ್ಪ ದಪ್ಪ ಆಗಿದ್ದಾನೆ. ಗುರುತು ಹಿಡಿದು ಸ್ಟೂಲು ಒರೆಸಿ ಹಾಕಿದ. "ಕುಂದರ್ರಿ ಸರ್. ಕುಕ್ಕರ್ ಬೇಕೇನು? ಮಾಸ್ತರ್ರಿಗೆ ಕಡಿಮಿ ಮಾಡ್ತೀನಿ." ಅಪ್ಪ ಒಳಗೆ ಲೋಟ ಎಣಿಸುತ್ತಿದ್ದರು. ಗಿರಾಕಿಗಳು ಇಲ್ಲದ ಹೊತ್ತು. ಮಹಾಂತೇಶನ ಸುದ್ದಿ ಬಂತು, ಮಳೆಯ ಸುದ್ದಿ ಬಂತು. ಆಮೇಲೆ ಅವನು ಒಂದು ತಂಬಿಗೆಯನ್ನು ಬಟ್ಟೆಯಿಂದ ತಿಕ್ಕುತ್ತ, ಅಪ್ಪನಿಗೆ ಕೇಳದ ಹಾಗೆ ಕೇಳಿದ.

"ಸರ್, ಒಂದ್ ಕೇಳ್ಲಿ? ಪಾಳಿ ಬಿಟ್ಟು ಹೇಳ್ರಿ. ನಿಮ್ಮ ಆ ಪರೀಕ್ಷಾದಾಗ, ನಾ ಖರೇನಽ ಎಷ್ಟನೇದವ ಇದ್ದೆ?"

ಇಷ್ಟು ವರ್ಷ ಅವನು ಆ ಸುಳ್ಳಿನ ಬಗ್ಗೆ ಯೋಚಿಸುತ್ತಿರಬಹುದೆಂದು ನಾನು ತಿಳಿದಿದ್ದೆ.

"ಗೊತ್ತಿಲ್ಲ" ಎಂದೆ. "ಮೊದಲ ವಾರ ನಿಮಗೆ ಒಬ್ಬರನ್ನೊಬ್ಬರು ಸರಿಯಾಗಿ ಗೊತ್ತಿರಲಿಲ್ಲ, ಆಮೇಲೆ ಪಾಳಿ ಹಚ್ಚಿದಿರಿ. ಹಾಗಾಗಿ ಅದು ಗೊತ್ತಾಗಲೇ ಇಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ."

"ಅಂದ್ರ ಕಡೀಯವ ಇರಬಹುದಿತ್ತು."

"ಇರಬಹುದಿತ್ತು."

"ಮೊದಲನೇದವನೂ."

"ಅದೂ ಇರಬಹುದಿತ್ತು."

ಅವನು ತಂಬಿಗೆಯನ್ನು ಕೆಳಗಿಟ್ಟ. "ಹಂಗಾರ ಏಳು ಕೈ ಎದ್ದಾವಂತ ಮಂದಿ ನನ್ನ ಕಡೀಯವ ಅನ್ನೂದು ಸುಳ್ಳು."

"ಸುಳ್ಳು" ಎಂದೆ. ಅದೊಂದನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಅದಕ್ಕಾಗಿ ಇದನ್ನು ಬರೆದಿದ್ದೇನೆ.

ಏಳು ಕೈಗಳು ಎದ್ದದ್ದನ್ನು ನೋಡಿದವರು ಹಲವರು. ಆದರೆ ಅವು ಯಾಕೆ ಎದ್ದವು ಎಂದು ಈಚೆ ದಂಡೆಯಲ್ಲಿ ನಿಂತು ಕೇಳಿದವರು ಐದು ಜನ. ಮೇಜರ್ ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡರು. ಮಹಾಂತೇಶ ಸೈನ್ಯದಲ್ಲಿದ್ದಾನೆ, ವರ್ಷಕ್ಕೊಮ್ಮೆ ರಜೆಯ ಮೇಲೆ ನಂದಗಡಕ್ಕೆ ಬರುತ್ತಾನೆ. ತುಳಸವ್ವ ಖಾನಾಪುರದಲ್ಲಿ ಇದ್ದಾಳೆ. ಹಾಲು ಈಗ ಸೊಸೆ ಹಾಕುತ್ತಾಳೆ, ಮಾತು ಮಾತ್ರ ಇವಳೇ ಆಡುತ್ತಾಳೆ. ಭರತೇಶ ಶಹಾಪುರದ ಅಂಗಡಿಯಲ್ಲಿ. ಮತ್ತೆ ನಾನು.